ಡ್ಯಾಶ್‌ಬೋರ್ಡಿನ ಮೆಣಸಿನಕಾಯಿ ಯಾಕೆ ಖಾಲಿ ಚೌಕವಾಗುತ್ತದೆ?

ಬ್ಯಾಡಗಿ ಮಾರುಕಟ್ಟೆಯ ಆವಕ, ದರ ತೋರಿಸೋ ಡ್ಯಾಶ್‌ಬೋರ್ಡೊಂದನ್ನು ಧಾರವಾಡದಲ್ಲಿ ಕೂತು ಆರ್ ಎಂಬ, ಅಂಕಿಅಂಶಗಳ ಕೆಲಸಕ್ಕೆ ಬಳಸೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುತ್ತಿದ್ದೀರಿ ಅಂದುಕೊಳ್ಳಿ. ತಲೆಬರಹದ ಪಕ್ಕ ಒಂದು ಮೆಣಸಿನಕಾಯಿ 🌶️, ಹವಾಮಾನದ ಸಾಲಿನಲ್ಲಿ ಸೂರ್ಯ ☀️. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಸರ್ವರ್‌ಗೆ ಹಾಕಿದ ಮೇಲೆ ಸೂರ್ಯ ಉಳಿಯುತ್ತಾನೆ, ಮೆಣಸಿನಕಾಯಿ ಮಾಯವಾಗುತ್ತದೆ. ಕನ್ನಡ ಅಕ್ಷರಗಳಿಗೆ ಮಾತ್ರ ಏನೂ ಆಗಿರುವುದಿಲ್ಲ.

ಇದರ ಬೇರು ಹಳೆಯದು. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆರ್, 1.0.0 ಆಗಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಕಂಪ್ಯೂಟರ್ ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಪದ್ಧತಿ) ಬಳಸುತ್ತದೋ ಅದನ್ನೇ ಆರ್ ಕೂಡ ತನ್ನದಾಗಿ ಬಳಸುತ್ತಿತ್ತು. ಲಿನಕ್ಸ್, ಮ್ಯಾಕ್ ಬೇಗ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ಗೆ ಹೋದವು. ವಿಂಡೋಸ್‌ನಲ್ಲಿ ಆರ್ ಕೆಲವೇ ಲಿಪಿಗಳನ್ನು ಹಿಡಿಯುವ ಹಳೆಯ ಅಕ್ಷರಪಟ್ಟಿಗಳಾದ ಕೋಡ್ ಪೇಜ್‌ಗಳಿಗೇ ಅಂಟಿಕೊಂಡಿತ್ತು. ಇಂಗ್ಲಿಷಿಗೆ 1252, ಜಪಾನಿಗೆ 932, ಚೀನಾಕ್ಕೆ 936.

ಕನ್ನಡಕ್ಕೆ? ಯಾವುದೂ ಇಲ್ಲ. ವಿಂಡೋಸ್ ಕನ್ನಡವನ್ನು ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್ ಮೂಲಕ ಮಾತ್ರ ಒಪ್ಪಿಕೊಂಡಿತ್ತು. ಹಾಗಾಗಿ ಜಪಾನಿನವರು ಸೆಟ್ಟಿಂಗ್ ಬದಲಿಸಿ ತಮ್ಮ ಲಿಪಿಯಲ್ಲಾದರೂ ಕೆಲಸ ಮಾಡಬಹುದಿತ್ತು, ನಮಗೆ ಬದಲಿಸಲು ಸೆಟ್ಟಿಂಗೇ ಇರಲಿಲ್ಲ. ಟೇಬಲ್ ಪ್ರಿಂಟ್ ಮಾಡಿದರೆ 'ಹಾವೇರಿ' ಬದಲು ಕೋನದ ಆವರಣದೊಳಗೆ ಕೋಡ್‌ಗಳ ಸಾಲು ಬರುತ್ತಿತ್ತು. ಎಮೋಜಿಯ ಕಷ್ಟವೂ ಅದೇ. ಎಮೋಜಿ ಸುಮ್ನೆ ಅಲಂಕಾರ, ಬಿಡಿ ಅನ್ನುವವರಿಗೆ ಇದನ್ನೇ ಹೇಳಬೇಕು. ಆ ಚಿತ್ರವನ್ನು ಕೆಡಿಸಿದ ದೋಷವೇ ನಮ್ಮ ಊರಿನ ಹೆಸರುಗಳನ್ನೂ ಕೆಡಿಸಿತ್ತು.

2010ರ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ನೂರಾರು ಎಮೋಜಿಗಳನ್ನು ಸೇರಿಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಮೊದಲ 65,536 ಸ್ಥಾನಗಳ ಆಚೆ ಜಾಗ ಸಿಕ್ಕಿತು. 2014ರಲ್ಲಿ ಬಂದ ಮೆಣಸಿನಕಾಯಿಯದೂ ಅಲ್ಲೇ. ಯುಟಿಎಫ್-8ರಲ್ಲಿ ಕನ್ನಡದ ಒಂದು ಮೂಲಾಕ್ಷರಕ್ಕೆ ಅಥವಾ ಸ್ವರಚಿಹ್ನೆಗೆ 3 ಬೈಟ್ ಸಾಕು, ಆ ಮೊದಲ 65,536ರ ಒಳಗೇ ಇರುವ ಸೂರ್ಯನಿಗೂ 3. ಮೆಣಸಿನಕಾಯಿಗೆ 4 ಬೇಕು. ಡೇಟಾ ಇಡಲು ಬಳಸುವ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೆಯ 'ಯುಟಿಎಫ್8' ಹೆಸರಿಗಷ್ಟೇ ಯುಟಿಎಫ್-8, ಹಿಡಿಯುತ್ತಿದ್ದದ್ದು 3 ಬೈಟ್ ಮಾತ್ರ. ಕನ್ನಡ, ಸೂರ್ಯ ಎರಡೂ ದಾಟಿ, ಮೆಣಸಿನಕಾಯಿ ಮಾತ್ರ ಸಿಕ್ಕಿಬೀಳುವುದು ಇಲ್ಲೇ. 'ಯುಟಿಎಫ್8ಎಂಬಿ4' ಅನ್ನೋ ಆಯ್ಕೆ 2010ರಲ್ಲೇ ಬಂದಿತ್ತು. ಅದು ತಾನಾಗಿಯೇ ಸಿಗುವಂತಾದದ್ದು 2018ರ 8.0ರಲ್ಲಿ. ಹಳೆಯ ಡೇಟಾಬೇಸ್ ಇದ್ದರೆ ಮೊದಲು ಇದನ್ನೇ ನೋಡಿ.

2012ರಲ್ಲಿ ಶೈನಿ ಎಂಬ ಆರ್ ಪ್ಯಾಕೇಜ್ ಬಂತು. ಆರ್ ಬಲ್ಲವರು ವೆಬ್ ಪುಟ ಮಾಡೋದು ಸುಲಭವಾಯಿತು. ಬ್ರೌಸರ್‌ಗೆ ಯುಟಿಎಫ್-8 ಚೆನ್ನಾಗಿ ಗೊತ್ತು, ಆದರೆ ಅಲ್ಲಿಗೆ ತಲುಪುವ ಮೊದಲೇ ವಿಂಡೋಸ್‌ನ ಆರ್ ಪಠ್ಯವನ್ನು ಕೆಡಿಸಿಬಿಡುತ್ತಿತ್ತು. ಇದಕ್ಕೆ ನಿಜವಾದ ಪರಿಹಾರ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ, ಆರ್ 4.2.0 ಬಂದಾಗ. ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ಯುಟಿಎಫ್-8 ಆರ್‌ನ ಸ್ವಂತ ಎನ್‌ಕೋಡಿಂಗ್ ಆಯಿತು. ಕನ್ನಡದಲ್ಲಿ ಡೇಟಾ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಆರ್‌ನಿಂದ ಬಂದೇ ಇಲ್ಲ ಅಂತ ನನ್ನ ಅನಿಸಿಕೆ. ಇನ್ನೂ ಹಳೆಯ ಆವೃತ್ತಿ ಬಳಸುತ್ತಿದ್ದರೆ ದಯವಿಟ್ಟು ಬದಲಿಸಿ.

ಇಷ್ಟಾದರೂ ಗ್ರಾಫ್ ಒಳಗೆ ಚೌಕ ಕಂಡರೆ ಅದು ಬೇರೆ ಕಥೆ. ಪುಟದ ಪಠ್ಯಕ್ಕೆ ಓದುಗರ ಫೋನಿನ ಫಾಂಟ್ ಸಿಗುತ್ತದೆ. ಗ್ರಾಫ್ ಮಾತ್ರ ಸರ್ವರ್‌ನಲ್ಲೇ ಚಿತ್ರವಾಗಿ ಬರುತ್ತದೆ. ಬರೀ ಲಿನಕ್ಸ್ ಹಾಕಿದ ಸರ್ವರ್‌ನಲ್ಲಿ ಎಷ್ಟೋ ಸಲ ಎಮೋಜಿ ಫಾಂಟೂ ಇರುವುದಿಲ್ಲ, ಕನ್ನಡ ಫಾಂಟೂ ಇರುವುದಿಲ್ಲ. ನೋಟೋ ಕಲರ್ ಎಮೋಜಿ, ನೋಟೋ ಸ್ಯಾನ್ಸ್ ಕನ್ನಡ ಎರಡನ್ನೂ ಹಾಕಿ, ಜೊತೆಗೆ ಆರ್‌ನಲ್ಲಿ ಗ್ರಾಫ್ ಬಿಡಿಸುವ ರ‍್ಯಾಗ್ ಪ್ಯಾಕೇಜ್ ಹಾಕಿ. ಅದು ಬಣ್ಣದ ಎಮೋಜಿಯನ್ನೂ ಒತ್ತಕ್ಷರವನ್ನೂ ಸರಿಯಾಗಿ ಬಿಡಿಸುತ್ತದೆ.

ಮೆಣಸಿನಕಾಯಿ ಬಂದರೂ ಕಪ್ಪುಬಿಳುಪಾಗಿ ಕಂಡರೆ, ಅದರ ಹಿಂದೆ ಇರಬೇಕಾದ ಕಣ್ಣಿಗೆ ಕಾಣದ ಒಂದು ಗುರುತು ಬಿದ್ದುಹೋಗಿರುತ್ತದೆ. ಇದನ್ನು ಬಣ್ಣದಲ್ಲಿ ತೋರಿಸು ಎಂದು ಹೇಳುವುದು ಆ ಗುರುತೇ.

ಕೊನೆಗೆ ಡೇಟಾ ಶುಚಿಮಾಡುವ ವಿಷಯ. ಕಾಣದ ಗುರುತುಗಳನ್ನೆಲ್ಲ ಒಂದೇ ಸಾಲಿನ ಕೋಡಿನಲ್ಲಿ ಕಿತ್ತುಹಾಕುವ ಅಭ್ಯಾಸ ಬಹಳ ಜನಕ್ಕಿದೆ. ಅದರಲ್ಲಿ ಚಿಹ್ನೆಗಳನ್ನು ಒಂದಕ್ಕೊಂದು ಜೋಡಿಸುವ ಗುರುತೂ ಹೋಗುತ್ತದೆ. ಆಗ ಒಂದೇ ಚಿತ್ರವಾಗಿದ್ದ ಕುಟುಂಬದ ಎಮೋಜಿ 👨‍👩‍👧 ಬೇರೆಬೇರೆ ಮೂರು ಜನರಾಗುತ್ತದೆ. ಅದೇ ಸಾಲು ನಿಮ್ಮ ಟೇಬಲ್‌ನ 'ರ‍್ಯಾಂಕ್' ಅನ್ನು 'ರ್ಯಾಂಕ್' ಮಾಡಿಬಿಡುತ್ತದೆ. ಶುಚಿಮಾಡಿ, ಆದರೆ ಜೋಡಿಸುವ ಗುರುತನ್ನೂ ಬಣ್ಣದ ಗುರುತನ್ನೂ ಬಿಟ್ಟು.