ಬ್ರ್ಯಾಂಡ್ ಹೆಸರು ನಿಮ್ಮೊಬ್ಬರದೇ ಆಗುವುದು ಯಾವಾಗ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ನನ್ನ ಆಫೀಸಿಗೆ ಬಂದರೆ ಮೊದಲು ಮೇಜಿನ ಮೇಲೆ ಇಡುವುದು ಜಿಎಸ್‌ಟಿ ಸರ್ಟಿಫಿಕೇಟ್. "ಸಾರ್, ಇದರಾಗ ನಮ್ಮ ಹೆಸರು ಐತಲ್ಲ, ಮತ್ತೊಬ್ಬ ಅದೇ ಹೆಸರು ಹಾಕಿ ಹೆಂಗ ಮಾರ್ತಾನ?" ಅಂತ ಕೇಳುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಕಾಗದ ತೆರಿಗೆಗೆ ಸಂಬಂಧಪಟ್ಟದ್ದು. ಅಂಗಡಿ ಲೈಸೆನ್ಸ್, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ಕೊನೆಗೆ ಕಂಪನಿ ನೋಂದಣಿ ಕೂಡ ಬ್ರ್ಯಾಂಡ್ ಹೆಸರಿನ ಮೇಲೆ ನಿಮಗೊಬ್ಬರಿಗೇ ಹಕ್ಕು ಕೊಡುವುದಿಲ್ಲ. ಆ ವಿಶೇಷ ಹಕ್ಕು ಬೇಕಾದರೆ ಆ ಹೆಸರು ಟ್ರೇಡ್ ಮಾರ್ಕ್ ಆಗಿ, ಅಂದರೆ ನಿಮ್ಮ ಸರಕನ್ನು ಗುರುತಿಸುವ ಹೆಸರಾಗಿ, 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ನೋಂದಣಿ ಆಗಬೇಕು.

ವಿಶೇಷ ಹಕ್ಕು ಅಂದರೆ ಇಲ್ಲಿ ಏನು? ಪ್ಯಾಂಟ್ ಹೊಲಿದು ಮಾರುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ನಿಮ್ಮ ಹೆಸರು, ಇಲ್ಲವೇ ಗಿರಾಕಿ ಅದೇ ಅಂದುಕೊಳ್ಳುವಂಥ ಹೆಸರು ಹಾಕಿ ಮಾರಿದರೆ ತಡೆಯಬಹುದು, ಅಷ್ಟೇ. ಅದೂ ನೀವು ನೋಂದಾಯಿಸಿದ ಸರಕಿಗೆ. ನೋಂದಣಿಗಾಗಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಬಟ್ಟೆಗೆ 25ನೇ ವರ್ಗ. ಅದೇ ಹೆಸರಲ್ಲಿ ಸಿಂಧನೂರಿನಲ್ಲಿ ಒಬ್ಬರು ಅಕ್ಕಿ ಮಾರುತ್ತಿದ್ದರೆ ಸಾಮಾನ್ಯವಾಗಿ ನೀವು ಕೇಳುವ ಹಾಗಿಲ್ಲ. 'ಬಳ್ಳಾರಿ ಜೀನ್ಸ್' ಅನ್ನುವ ಬರೀ ಊರು-ಸರಕಿನ ಹೆಸರನ್ನು ಒಬ್ಬರ ಪಾಲು ಮಾಡಿಕೊಡುವುದೂ ಕಷ್ಟ. ಅದು ಹಾಗೇ ಇರಬೇಕು ಅಂತಲೇ ನಾನೂ ಹೇಳುತ್ತೇನೆ, ಯಾಕಂದರೆ ಈ ಊರಿನ ಹೆಸರು ಇಲ್ಲಿ ಹೊಲಿಯುವ ಎಲ್ಲರಿಗೂ ಬೇಕು.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ನೋಂದಣಿ ಮಾಡಿಸಿದವನೇ ರಾಜ ಅಲ್ಲ. ಅವನ ಬಳಕೆಗೂ ಅವನ ನೋಂದಣಿಗೂ ಮೊದಲಿನಿಂದ ಆ ಹೆಸರನ್ನು ನಿರಂತರವಾಗಿ ಬಳಸುತ್ತಾ ಬಂದವನನ್ನು ಕಾಯ್ದೆಯ 34ನೇ ಕಲಂ ಕಾಪಾಡುತ್ತದೆ. ಆದರೆ ಬಳಸಿದ್ದಕ್ಕೆ ಪುರಾವೆ ಬೇಕಲ್ವಾ? ಬಿಲ್ ಬುಕ್ ತೆಗೆದು ನೋಡಿದರೆ ಮೇಲೆ ಫರ್ಮ್ ಹೆಸರು, ಕೆಳಗೆ 'ಜೀನ್ಸ್ ಪ್ಯಾಂಟ್, 200 ಪೀಸ್' ಅಂತ ಇರುತ್ತದೆ. ಬ್ರ್ಯಾಂಡ್ ಹೆಸರು ಎಲ್ಲೂ ಇಲ್ಲ! ಎಷ್ಟೋ ವರ್ಷದ ದುಡಿಮೆ, ಕೋರ್ಟಿನ ಮುಂದೆ ಇಡಲು ಒಂದು ಸಾಲೂ ಸಿಗುವುದಿಲ್ಲ. ನನಗೆ ತುಂಬಾ ಬೇಸರ ತರುವ ವಿಷಯ ಇದು. ಇವತ್ತಿನಿಂದಲೇ ಪ್ರತಿ ಬಿಲ್‌ನಲ್ಲೂ ಬ್ರ್ಯಾಂಡ್ ಹೆಸರು ಬರೆಯಿರಿ. ಸೊಂಟದ ಪಟ್ಟಿಯ ಹಿಂದೆ ಹಾಕುವ ಪ್ಯಾಚ್, ಒಳಗಿನ ಲೇಬಲ್ ಮಾಡಿಸಿದ ರಸೀದಿಗಳನ್ನು ಎಸೆಯಬೇಡಿ. ಹೆಸರು ಯಾವತ್ತಿನಿಂದ ಬಳಕೆಯಲ್ಲಿದೆ ಅಂತ ತೋರಿಸಲು ಲೇಬಲ್‌ನವರ ಹಳೇ ಬಿಲ್ ತುಂಬಾ ಒದಗುತ್ತದೆ. ಬೇರೆಯವರ ಬ್ರ್ಯಾಂಡಿಗೆ ಜಾಬ್ ವರ್ಕ್ ಮಾಡುವವರಿಗೆ ಇನ್ನೊಂದು ಮಾತು: ಹೊಲಿದುಕೊಟ್ಟ ಮಾತ್ರಕ್ಕೆ ಆ ಹೆಸರು ನಿಮ್ಮದಾಗುವುದಿಲ್ಲ, ಉಳಿದ ಲೇಬಲ್ ಹಚ್ಚಿ ಮಾರಿದರೆ ಕೇಸ್ ನಿಮ್ಮ ಮೇಲೇ ಬರುತ್ತದೆ.

ಕೊಪ್ಪಳದ ಕಿನ್ನಾಳ ಗೊಂಬೆಯ ಲೆಕ್ಕವೇ ಬೇರೆ. ಅದಕ್ಕಿರುವುದು ಭೌಗೋಳಿಕ ಸೂಚಕ (ಜಿಐ), ಅಂದರೆ ಒಂದು ಊರಿನ ವಿಶೇಷ ಸರಕಿಗೆ ಸಿಗುವ ಗುರುತು. ಅದು ಒಬ್ಬರ ಆಸ್ತಿ ಅಲ್ಲ. ಮಾರಲು, ಅಡ ಇಡಲು ಬರುವುದಿಲ್ಲ. ಅಲ್ಲಿನ ಕಲಾವಿದರು ಅಧಿಕೃತ ಬಳಕೆದಾರರೆಂದು ಹೆಸರು ಬರೆಸಿಕೊಳ್ಳಬೇಕು. ಟ್ರೇಡ್ ಮಾರ್ಕ್ ಆದರೆ ಮಾರಬಹುದು, ಇನ್ನೊಬ್ಬರಿಗೆ ಬಳಸಲು ಕೊಡಬಹುದು.

ಟ್ರೇಡ್ ಮಾರ್ಕ್ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಅರ್ಜಿ ಸರ್ಕಾರದ ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ತಕರಾರಿಗೆ ಅವಕಾಶ ಇರುತ್ತದೆ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಹೆಸರು ಹಿಡಿದಿಟ್ಟುಕೊಂಡು 5 ವರ್ಷಕ್ಕೂ ಮೀರಿ ಸುಮ್ನೆ ಕೂತರೆ ಬೇರೆಯವರು ಅದನ್ನು ತೆಗೆಸಿಹಾಕಬಹುದು. ನಮ್ಮ ರಿಜಿಸ್ಟ್ರಿ, ಅಂದರೆ ಟ್ರೇಡ್ ಮಾರ್ಕ್ ನೋಂದಣಿ ಕಚೇರಿ, ಚೆನ್ನೈನಲ್ಲಿದೆ ಅಂತ ಹೆದರಬೇಡಿ. ನಿಮ್ಮ ನೋಂದಾಯಿತ ಹೆಸರನ್ನು ಯಾರಾದರೂ ಕದ್ದರೆ, ಅವರು ಯಾವ ಊರಿನವರೇ ಆಗಿರಲಿ, 134ನೇ ಕಲಂ ಪ್ರಕಾರ ನೀವು ವ್ಯಾಪಾರ ಮಾಡುವ ಜಿಲ್ಲೆಯಲ್ಲೇ ದಾವೆ ಹೂಡಬಹುದು.