ಆಂಗ್ಲೋ-ಸ್ಯಾಕ್ಸನ್ನರ ಹಳೆಯ ದೇವರುಗಳು ಏನಾದವು?

ಓದುಗರ ಪ್ರಶ್ನೆ: ಆಂಗ್ಲೋ-ಸ್ಯಾಕ್ಸನ್ನರು ಮೊದಲಿಂದಲೂ ಕ್ರೈಸ್ತರೇ? ಅಲ್ಲವಾದರೆ ಅವರ ಹಳೆಯ ದೇವರುಗಳು ಏನಾದವು?

ಮೊದಲಿಂದ ಕ್ರೈಸ್ತರಲ್ಲ. ಐದನೆಯ ಶತಮಾನದಲ್ಲಿ ಇಂದಿನ ಉತ್ತರ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಬ್ರಿಟನ್ನಿಗೆ ಬಂದು ನೆಲೆಸಿದ ಈ ಜನ ವೋಡೆನ್, ಗುಡುಗಿನ ದೇವರು ಥುನೋರ್, ಟೀವ್, ಫ್ರಿಗ್ ದೇವಿ ಮುಂತಾದವರನ್ನು ಪೂಜಿಸುತ್ತಿದ್ದರು.

ರೋಮ್‌ನಿಂದ ಕ್ರೈಸ್ತ ಸನ್ಯಾಸಿ ಅಗಸ್ಟೀನ್ ಧರ್ಮ ಬೋಧಿಸಲು ಆಗ್ನೇಯ ಇಂಗ್ಲೆಂಡಿನ ಕೆಂಟ್‌ಗೆ ಬಂದದ್ದು 597ರಲ್ಲಿ. ಅಲ್ಲಿನ ದೊರೆ ಎಥೆಲ್ಬರ್ಟ್‌ನ ರಾಣಿ ಬರ್ತಾ ಫ್ರಾಂಕ್ ರಾಜಮನೆತನದವಳು, ಆಗಲೇ ಕ್ರೈಸ್ತಳು. ದೊರೆ ದೀಕ್ಷಾಸ್ನಾನ ಪಡೆದ, ಪ್ರಜೆಗಳು ಹಿಂಬಾಲಿಸಿದರು. ಹೀಗೆ ಅರಮನೆಯಿಂದ ಇಳಿದು ಬಂದ ಧರ್ಮ ಅರಮನೆ ಬದಲಾದಾಗ ಅಲುಗಾಡುತ್ತಿತ್ತು. ಎಥೆಲ್ಬರ್ಟ್ ತೀರಿಕೊಂಡ ಮೇಲೆ ಅವನ ಮಗನೇ ಮೊದಮೊದಲು ಹೊಸ ಧರ್ಮ ಒಪ್ಪದೆ ಹಳೆಯ ಆಚರಣೆಯನ್ನೇ ಹಿಡಿದ. ಪೂರ್ವ ಆಂಗ್ಲಿಯಾದ ದೊರೆ ರೆಡ್ವಾಲ್ಡ್ ಕೆಂಟ್‌ನಲ್ಲಿ ದೀಕ್ಷೆ ಪಡೆದು ಊರಿಗೆ ಹಿಂತಿರುಗಿದಾಗ ಹೆಂಡತಿ ಒಪ್ಪಲಿಲ್ಲ. ಕೊನೆಗೆ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವರುಗಳ ಬಲಿಗೆ ಇನ್ನೊಂದು ಚಿಕ್ಕ ಪೀಠ ಇಟ್ಟುಕೊಂಡ. ಇದನ್ನು ಬರೆದಿಟ್ಟ ಸನ್ಯಾಸಿ ಬೀಡ್‌ಗೆ ರೆಡ್ವಾಲ್ಡ್‌ನ ಮೇಲೆ ಸಿಟ್ಟು. ನನಗಂತೂ ಆ ಕಾಲದ ಸಾಮಾನ್ಯ ಮನಸ್ಸು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಗಸ್ಟೀನ್‌ನನ್ನು ಕಳಿಸಿದ ಪೋಪ್ ಗ್ರೆಗರಿಗೂ ಈ ಮನಸ್ಸು ಅರ್ಥವಾಗಿತ್ತು. 601ರ ಪತ್ರದಲ್ಲಿ ಅವನು ಹೇಳಿದ್ದು ಇದು: ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನಷ್ಟೇ ನಾಶಮಾಡಿ, ಪವಿತ್ರ ಜಲ ಚಿಮುಕಿಸಿ ಆ ಗುಡಿಗಳನ್ನೇ ಚರ್ಚ್ ಮಾಡಿ. ದೇವರುಗಳಿಗೆ ದನ ಬಲಿ ಕೊಡುತ್ತಿದ್ದವರು ಇನ್ನು ಮುಂದೆ ಸಂತರ ಹಬ್ಬದಂದು ದನ ಕಡಿದು ಊಟ ಮಾಡಲಿ. ಅಂದರೆ ಜಾಗವೂ ಜಾತ್ರೆಯೂ ಹಾಗೇ ಉಳಿಯಲಿ, ದೇವರು ಮಾತ್ರ ಬದಲಾಗಲಿ!

ಎಲ್ಲರೂ ಒಪ್ಪಲಿಲ್ಲ. ಮಧ್ಯ ಇಂಗ್ಲೆಂಡಿನ ಮರ್ಸಿಯಾದ ದೊರೆ ಪೆಂಡಾ 655ರಲ್ಲಿ ಯುದ್ಧದಲ್ಲಿ ಸಾಯುವವರೆಗೂ ಹಳೆಯ ಧರ್ಮದಲ್ಲೇ ಇದ್ದ. ದಕ್ಷಿಣ ಕರಾವಳಿಯಾಚೆಯ ವೈಟ್ ದ್ವೀಪ ಕ್ರೈಸ್ತವಾದದ್ದು 686ರ ಹೊತ್ತಿಗೆ.

ಆದರೂ ವೋಡೆನ್ ಪೂರ್ತಿ ಅಳಿಯಲಿಲ್ಲ. ಕ್ರೈಸ್ತ ದೊರೆಗಳೇ ತಮ್ಮ ವಂಶಾವಳಿಯನ್ನು ಅವನಿಂದ ಎಣಿಸಿಕೊಂಡರು. ಇಂಗ್ಲಿಷಿನ ಬುಧವಾರದ ಹೆಸರಿನಲ್ಲಿ ಅವನಿದ್ದಾನೆ, ಗುರುವಾರದಲ್ಲಿ ಥುನೋರ್. ವೆಡ್ನ್ಸ್‌ಬರಿ, ಥಂಡರ್ಸ್ಲಿ ಎಂಬ ಊರುಗಳೂ ಇವರಿಬ್ಬರ ಹೆಸರಿನವೇ.

ಪೂಜೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಮಾತ್ರ ಆ ಭಕ್ತರು ಬರೆದಿಡಲಿಲ್ಲ. ರೂನ್ ಎಂಬ ಹಳೆಯ ಲಿಪಿಯಲ್ಲಿರುವ ಅವರ ಬರಹಗಳು ಬಹಳ ಚಿಕ್ಕವು. 725ರಲ್ಲಿ ಬೀಡ್ ಹಳೆಯ ತಿಂಗಳುಗಳ ಹೆಸರು ವಿವರಿಸುತ್ತ, ಈಸ್ಟರ್ ಹಬ್ಬದ ಹೆಸರು ಎಯೋಸ್ಟ್ರೆ ಎಂಬ ದೇವಿಯಿಂದ ಬಂತು, ನವೆಂಬರ್ ದನಗಳನ್ನು ಕಡಿದು ದೇವರಿಗೆ ಅರ್ಪಿಸುವ ತಿಂಗಳಾಗಿತ್ತು ಎಂದಿದ್ದಾನೆ. ಆ ದೇವಿಯ ಬಗ್ಗೆ ಆ ಕಾಲದಿಂದ ನಮಗೆ ಬಂದಿರುವುದು ಅವನ ಆ ಕೆಲವು ಸಾಲುಗಳಷ್ಟೇ.