ವಿಕಿಪೀಡಿಯದಲ್ಲಿ ವೈದ್ಯಕೀಯ ಮಾತಿಗೆ ಆಕರ ಎಂಥದಿರಬೇಕು: ಒಂದು ನಿಯಮ ರೂಪುಗೊಂಡ ಬಗೆ

1998ರ ಫೆಬ್ರವರಿಯಲ್ಲಿ ಲಂಡನ್ನಿನ ‘ದಿ ಲ್ಯಾನ್ಸೆಟ್’ ಪತ್ರಿಕೆ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧವೊಂದನ್ನು ಪ್ರಕಟಿಸಿತು. ಬರೀ 12 ಮಕ್ಕಳ ವಿವರಗಳಿದ್ದ ಆ ಬರಹ, ದಡಾರ, ಮಂಗನಬಾವು ಮತ್ತು ರುಬೆಲ್ಲಾ ಬಾರದಂತೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಲೋಕದಲ್ಲೆಲ್ಲ ಬಿತ್ತಿತು. 2004ರಲ್ಲಿ ಸಹಲೇಖಕರ ಪೈಕಿ 10 ಮಂದಿ ಅದರ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು ಮಾತ್ರ 2010ರ ಫೆಬ್ರವರಿಯಲ್ಲಿ. ಅಲ್ಲಿಯವರೆಗಿನ 12 ವರ್ಷ ಅದು ಜಗತ್ತಿನ ಅತ್ಯಂತ ಹಳೆಯ, ಗೌರವಾನ್ವಿತ ವೈದ್ಯಪತ್ರಿಕೆಗಳಲ್ಲೊಂದರಲ್ಲಿ ಅಚ್ಚಾದ ಬರಹವಾಗಿಯೇ ಉಳಿದಿತ್ತು.

ವಿಕಿಪೀಡಿಯ ಹುಟ್ಟಿದ್ದು ಈ ಅವಧಿಯ ನಡುವೆ, 2001ರ ಜನವರಿ 15ರಂದು. ಲೇಖನಗಳು ತಟಸ್ಥ ನಿಲುವಿನಿಂದ ಕೂಡಿರಬೇಕೆಂಬ ನೀತಿ ಮೊದಲ ವರ್ಷವೇ ಬಂತು. ಬರೆದದ್ದನ್ನು ಓದುಗರು ಪ್ರಕಟಿತ ಆಕರದಲ್ಲಿ ಪರಿಶೀಲಿಸಿ ನೋಡುವಂತಿರಬೇಕು ಮತ್ತು ಸ್ವಂತ ಸಂಶೋಧನೆಯನ್ನು ಇಲ್ಲಿ ತರಬಾರದು ಎಂಬ ಇನ್ನೆರಡು ನೀತಿಗಳು 2003ರಲ್ಲಿ ರೂಪುಗೊಂಡವು. ಊರಿನ ಇತಿಹಾಸಕ್ಕೋ ನದಿಯ ಉದ್ದಕ್ಕೋ ಇಷ್ಟು ಸಾಕಾಗುತ್ತಿತ್ತು. ಆದರೆ ಲಸಿಕೆಯ ಪುಟಕ್ಕೆ ಯಾರಾದರೂ ಒಂದು ವಾಕ್ಯ ಸೇರಿಸಿ, ಪಕ್ಕದಲ್ಲಿ ಲ್ಯಾನ್ಸೆಟ್ ಪ್ರಬಂಧದ ಉಲ್ಲೇಖ ಕೊಟ್ಟರೆ, ಆ ಆಕರ ಪ್ರಕಟಿತವೂ ಹೌದು, ಪ್ರತಿಷ್ಠಿತವೂ ಹೌದು. ಸಾಮಾನ್ಯ ನಿಯಮದ ಬಲವೊಂದರಿಂದಲೇ ಅದನ್ನು ಪ್ರಶ್ನಿಸುವುದು ಸುಲಭವಿರಲಿಲ್ಲ.

ತೊಡಕಿನ ಬೇರು ಇರುವುದು ವೈದ್ಯವಿಜ್ಞಾನದ ಬರವಣಿಗೆಯ ಸ್ವಭಾವದಲ್ಲೇ. ಸಂಶೋಧನಾ ಪತ್ರಿಕೆಯಲ್ಲಿ ಬರುವ ಒಂದು ಪ್ರಬಂಧ ಒಬ್ಬ ಪರಿಣತ ಇನ್ನೊಬ್ಬ ಪರಿಣತನಿಗೆ ಒಪ್ಪಿಸುವ ವರದಿ. ನಾನು ಇಷ್ಟು ಜನರಲ್ಲಿ ಹೀಗೆ ಕಂಡೆ, ನೀವೂ ಪರೀಕ್ಷಿಸಿ ನೋಡಿ ಎಂಬ ಆಹ್ವಾನ ಅದರಲ್ಲಿರುತ್ತದೆ. ಹಾಗೆ ಕಂಡದ್ದರಲ್ಲಿ ಬಹಳಷ್ಟು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲುವುದಿಲ್ಲ. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲಿಯೇ, ಪ್ರತಿಯೊಂದು ವಿಭಾಗದ ಕ್ಲಿನಿಕಲ್ ಟ್ರಯಲ್‌ಗಳನ್ನೆಲ್ಲ, ಎಂದರೆ ಚಿಕಿತ್ಸೆಯನ್ನು ಮನುಷ್ಯರಲ್ಲಿ ಪರೀಕ್ಷಿಸುವ ಪ್ರಯೋಗಗಳನ್ನೆಲ್ಲ, ಒಟ್ಟುಮಾಡಿ, ತೂಗಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯನ್ನು ವೈದ್ಯವೃತ್ತಿ ಮಾಡಿಕೊಂಡಿಲ್ಲವೆಂದು ಆಕ್ಷೇಪಿಸಿದ್ದರು. ಅವರ ಹೆಸರಿನಲ್ಲಿ 1993ರಲ್ಲಿ ಆರಂಭವಾದ ಸಂಸ್ಥೆ ಆ ಕೆಲಸಕ್ಕೆ ಕೈಹಾಕಿತು. ಪುರಾವೆಗಳಿಗೆ ಮೇಲು ಕೆಳಗಿನ ಮೆಟ್ಟಿಲುಗಳಿವೆ, ಒಂದು ಪ್ರಯೋಗಕ್ಕಿಂತ ಹಲವು ಪ್ರಯೋಗಗಳನ್ನು ಜೊತೆಗಿಟ್ಟು ನೋಡಿದ ವ್ಯವಸ್ಥಿತ ಪರಾಮರ್ಶೆ ಮೇಲಿನದು ಎಂಬ ತಿಳಿವಳಿಕೆ ಹೀಗೆ ವೈದ್ಯಲೋಕದಲ್ಲಿ ನೆಲೆಯೂರಿತ್ತು. ವಿಕಿಪೀಡಿಯದ ಸಂಪಾದಕರು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಈ ತಿಳಿವಳಿಕೆಯನ್ನು ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶಕ್ಕೆ ಒಗ್ಗಿಸಿಕೊಂಡರು. ಅವರ ದೊಡ್ಡ ಕೊಡುಗೆ ಅದೇ ಎಂದು ನಾನು ಭಾವಿಸುತ್ತೇನೆ.

ವೈದ್ಯಕೀಯ ಲೇಖನಗಳ ಬಗ್ಗೆ ಆಸಕ್ತಿಯಿದ್ದವರ ಬಳಗ 2004ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಯೋಜನೆಯಾಗಿ ಕೂಡಿಕೊಂಡಿತು. ವೈದ್ಯಕೀಯ ಆಕರಗಳಿಗೆಂದೇ ಪ್ರತ್ಯೇಕ ಕರಡು 2006ರ ಹೊತ್ತಿಗೆ ಸಿದ್ಧವಾಗತೊಡಗಿತು. ದೀರ್ಘ ಚರ್ಚೆಯ ಬಳಿಕ 2008ರಲ್ಲಿ ಸಮುದಾಯ ಅದನ್ನು ಮಾರ್ಗಸೂಚಿಯಾಗಿ ಒಪ್ಪಿತು. ಅದರ ಪ್ರಕಾರ, ರೋಗ, ಔಷಧ, ಚಿಕಿತ್ಸೆಗಳ ಬಗೆಗಿನ ಮಾತಿಗೆ ಪ್ರಾಥಮಿಕ ಆಕರ, ಎಂದರೆ ಪ್ರಯೋಗ ಮಾಡಿದವರೇ ಬರೆದ ವರದಿ, ಸಾಮಾನ್ಯವಾಗಿ ಸಲ್ಲದು. ಪರಾಮರ್ಶನ ಲೇಖನ, ಪರಿಣತರು ಬರೆದ ಪಠ್ಯಗ್ರಂಥ, ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ತಜ್ಞ ಸಂಸ್ಥೆಗಳ ಮಾರ್ಗದರ್ಶಿ ಬೇಕು. ಅವೂ ಸಾಧ್ಯವಾದಷ್ಟು ಕಳೆದ ಐದು ವರ್ಷಗಳ ಆಸುಪಾಸಿನವಾಗಿರಬೇಕು. ಪ್ರಯೋಗಾಲಯದ ಜೀವಕೋಶಗಳಲ್ಲಿ, ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಅನ್ವಯಿಸಿ ಬರೆಯಬಾರದು. ದಿನಪತ್ರಿಕೆಯ ಆರೋಗ್ಯಸುದ್ದಿ, ಎಷ್ಟೇ ಹೆಸರಾದ ಪತ್ರಿಕೆಯದಾಗಲಿ, ಆಧಾರವಾಗಲಾರದು.

ನಮ್ಮ ಅಡುಗೆಮನೆಯ ಅರಿಶಿನವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳ ಮೇಲೆ ಪರಿಣಾಮ ತೋರಿತೆಂಬ ಪ್ರಯೋಗಾಲಯ ವರದಿಗಳು ಬೇಕಾದಷ್ಟಿವೆ, ಪ್ರತಿಯೊಂದೂ ಪ್ರಕಟಿತವೇ. ಹಳೆಯ ನಿಯಮದಲ್ಲಿ ಅಂಥ ಹತ್ತು ವರದಿಗಳನ್ನು ಕೆಳಗೆ ಸಾಲಾಗಿ ಕೊಟ್ಟು, ಅರಿಶಿನ ಕ್ಯಾನ್ಸರ್ ವಾಸಿಮಾಡುತ್ತದೆಂಬ ಭಾವನೆ ಬರುವಂತೆ ಒಂದು ಪರಿಚ್ಛೇದ ಕಟ್ಟಬಹುದಿತ್ತು. ನೋಡುವವರಿಗೆ ಅದು ಬಹಳ ಆಧಾರವುಳ್ಳ ಬರಹವಾಗಿಯೂ ಕಾಣುತ್ತಿತ್ತು. 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದಿದ್ದರೂ ಕರ್ಕ್ಯುಮಿನ್‌ನ ಪರಿಣಾಮವನ್ನು ಬಿಗಿಯಾದ ಪರೀಕ್ಷೆಯೊಂದೂ ಸ್ಥಾಪಿಸಿಲ್ಲ, ಆ ರಾಸಾಯನಿಕ ದೇಹದಲ್ಲಿ ಸರಿಯಾಗಿ ಹೀರಿಕೆಯಾಗುವುದೂ ಇಲ್ಲ ಎಂದು 2017ರ ಪರಾಮರ್ಶೆಯೊಂದು ತೋರಿಸಿತು. ಮಾರ್ಗಸೂಚಿಯಂತೆ ಹೋಗುವ ಸಂಪಾದಕ ಆ ಹತ್ತು ವರದಿಗಳನ್ನು ಬದಿಗಿಟ್ಟು ಈ ಒಂದನ್ನು ಓದಬೇಕಾಗುತ್ತದೆ. ರೋಗಿಯೊಬ್ಬನ ಮನೆಯವರು ರಾತ್ರಿ ಮೊಬೈಲಿನಲ್ಲಿ ಆ ಪುಟವನ್ನು ತೆರೆಯುತ್ತಾರೆಂಬುದನ್ನು ನೆನೆದರೆ, ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ವಿವರಿಸಬೇಕಾಗಿಲ್ಲ.

ನಿಯಮ ವೈದ್ಯರನ್ನೂ ಕಟ್ಟಿಹಾಕಿತು. ಮೂವತ್ತು ವರ್ಷ ರೋಗಿಗಳನ್ನು ನೋಡಿದ ತಜ್ಞರೂ ಇಲ್ಲಿ ತಮ್ಮ ಅನುಭವವನ್ನು ಮುಂದಿಡುವಂತಿಲ್ಲ, ಆಕರವನ್ನೇ ಕೊಡಬೇಕು. ಕೆಲವರು ಇದರಿಂದ ನೊಂದು ಹಿಂದೆ ಸರಿದದ್ದು ಸಹಜವೇ. ಆದರೆ 2007ರ ಆರಂಭದಲ್ಲಿ, ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡಿದ್ದ ಪ್ರಭಾವಿ ಸಂಪಾದಕನೊಬ್ಬ ಅಂಥ ಯಾವ ಪದವಿಯೂ ಇಲ್ಲದ ಯುವಕನೆಂದು ಬಯಲಾದಾಗ, ಹೆಸರಿನ ಹಿಂದಿರುವವರು ಯಾರೆಂದು ತಿಳಿಯದ ತಾಣದಲ್ಲಿ ಪದವಿಯನ್ನು ನಂಬಿ ನಡೆಯುವುದು ಆಗದ ಮಾತೆಂಬುದು ಖಚಿತವಾಗಿತ್ತು.

ಹೊರಗಿನವರ ಅಳತೆಗಳೂ ಬಂದವು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಔಷಧಗಳ ಕುರಿತ 80 ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದಾಗ, ವಿಕಿಪೀಡಿಯ ಶೇ. 40ಕ್ಕೆ ಮಾತ್ರ ಉತ್ತರ ಕೊಟ್ಟಿತು; ವೃತ್ತಿಪರ ದತ್ತಸಂಚಯವೊಂದು ಶೇ. 82.5ಕ್ಕೆ ಕೊಟ್ಟಿತು. ಕೊಟ್ಟ ಉತ್ತರಗಳಲ್ಲಿ ತಪ್ಪುಗಳಿಗಿಂತ, ಹೇಳದೇ ಬಿಟ್ಟ ಸಂಗತಿಗಳೇ ದೊಡ್ಡ ಕೊರತೆಯಾಗಿದ್ದವು. 2014ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಡೆಂಗಿ ಜ್ವರದ ಲೇಖನ ತಜ್ಞರ ಪರಿಶೀಲನೆಗೆ ಒಳಪಟ್ಟು ‘ಓಪನ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಕೆನಡಾದ ತುರ್ತುಚಿಕಿತ್ಸಾ ವೈದ್ಯ ಜೇಮ್ಸ್ ಹೀಲ್‌ಮನ್ ಮತ್ತು ಸಹೋದ್ಯೋಗಿ 2015ರಲ್ಲಿ ಕೊಟ್ಟ ಲೆಕ್ಕದಂತೆ, 2013ರ ಕೊನೆಗೆ 255ಕ್ಕೂ ಹೆಚ್ಚು ಭಾಷೆಗಳಲ್ಲಿ 1,55,000ಕ್ಕೂ ಹೆಚ್ಚು ವೈದ್ಯಕೀಯ ಲೇಖನಗಳಿದ್ದವು. ಆ ಒಂದು ವರ್ಷದಲ್ಲಿ ಅವು 488 ಕೋಟಿಗೂ ಹೆಚ್ಚು ಸಲ ತೆರೆಯಲ್ಪಟ್ಟವು. ಇವನ್ನು ಸತತವಾಗಿ ನೋಡಿಕೊಳ್ಳುತ್ತಿದ್ದ ಮುಖ್ಯ ಸಂಪಾದಕರ ಸಂಖ್ಯೆ 300ಕ್ಕಿಂತ ಕಡಿಮೆ, ಅವರಲ್ಲಿ ಅರ್ಧದಷ್ಟು ಜನ ಆರೋಗ್ಯ ವೃತ್ತಿಯವರು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕೃತಜ್ಞತೆಯೂ ಆತಂಕವೂ ಒಟ್ಟಿಗೇ ಆಗುತ್ತದೆ.

2020ರ ಕೋವಿಡ್ ಕಾಲ ಈ ನಿಯಮದ ಕಠಿಣ ಪರೀಕ್ಷೆಯಾಗಿತ್ತು. ತಜ್ಞರ ಪರಿಶೀಲನೆಯಿಲ್ಲದ ಕರಡು ಪ್ರಬಂಧಗಳು ದಿನವೂ ಸುದ್ದಿಯಾಗುತ್ತಿದ್ದವು. ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಪರ ಮತ್ತು ವಿರೋಧದ ವರದಿಗಳು ಒಂದರ ಹಿಂದೊಂದು ಬಂದವು. ಆ ಮಾತ್ರೆಯಿಂದ ಹಾನಿಯೆಂದು 96,000 ರೋಗಿಗಳ ದತ್ತಾಂಶದ ಹೆಸರಿನಲ್ಲಿ ಹೇಳಿದ ಪ್ರಬಂಧ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಬಂದು, ದತ್ತಾಂಶ ನಂಬಲರ್ಹವಲ್ಲವೆಂದು ಜೂನ್ 4ರಂದು ಹಿಂತೆಗೆಯಲ್ಪಟ್ಟಿತು. ಒಂಟಿ ಪ್ರಬಂಧವನ್ನು ನೆಚ್ಚಬೇಡಿ ಎನ್ನುವ ನಿಯಮ, ಪರ ಮತ್ತು ವಿರೋಧ ಎರಡೂ ಕಡೆಯ ಅವಸರಕ್ಕೆ ತಡೆಯೊಡ್ಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕೋವಿಡ್ ಮಾಹಿತಿಚಿತ್ರಗಳನ್ನು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಗೆ ಕೊಡಲು ಮುಂದಾಯಿತು.

ಭಾರತದಲ್ಲಿ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇಂಗ್ಲಿಷ್ ವಿಕಿಪೀಡಿಯ ಆಯುರ್ವೇದವನ್ನು ಹುಸಿವಿಜ್ಞಾನವೆಂದು ಬಣ್ಣಿಸಿರುವುದನ್ನು ಪ್ರಶ್ನಿಸಿ ಆಯುರ್ವೇದ ಔಷಧ ತಯಾರಕರ ಸಂಘಟನೆಯೊಂದು ಸಲ್ಲಿಸಿದ ಅರ್ಜಿಯನ್ನು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾಗೊಳಿಸಿತು. ಲೇಖನವನ್ನು ನೀವೇ ತಿದ್ದಬಹುದಲ್ಲ ಎಂದು ಪೀಠ ಹೇಳಿತು. ಆದರೆ ತಿದ್ದಲು ಹೋದವರಿಗೆ ಎದುರಾಗುವುದು ಈ ಮಾರ್ಗಸೂಚಿಯೇ. ಪರಂಪರೆಯ ಮೇಲಿನ ಗೌರವ ಅಲ್ಲಿ ಆಕರವಾಗುವುದಿಲ್ಲ, ಪರಾಮರ್ಶೆಗೊಳಪಟ್ಟ ಪುರಾವೆಯನ್ನೇ ತರಬೇಕಾಗುತ್ತದೆ. ಅಂಥ ಪರಾಮರ್ಶೆಗಳು ಎಲ್ಲಿ ನಡೆಯುತ್ತವೆ, ಯಾವ ವಿಷಯಗಳ ಮೇಲೆ ಹಣ ಹೂಡಲಾಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗೆಂದು ಒಂದು ಪದ್ಧತಿಗೊಂದು ಅಳತೆಗೋಲು ಇಟ್ಟರೆ ರೋಗಿಗೆ ಒಳಿತಾಗುತ್ತದೆಂದು ನನಗನ್ನಿಸುವುದಿಲ್ಲ.

ಇಂಗ್ಲಿಷಿನ ಮಾರ್ಗಸೂಚಿ ಉಳಿದ ಭಾಷೆಗಳನ್ನು ಕಟ್ಟುವುದಿಲ್ಲ. ಪ್ರತಿ ಭಾಷೆಯ ಸಮುದಾಯ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂಥ ಚರ್ಚೆಗಳಿಗೆ ‘ಅರಳಿ ಕಟ್ಟೆ’ ಎಂಬ ಜಾಗವಿದೆ, ಆದರೆ ಅಲ್ಲಿ ಸೇರುವವರು ಕೆಲವೇ ಮಂದಿ. ಇಂಗ್ಲಿಷಿನಿಂದ ಅನುವಾದಗೊಂಡು ಬಂದ ಲೇಖನ ತನ್ನ ಉಲ್ಲೇಖಗಳನ್ನೂ ಹೊತ್ತು ತರುತ್ತದೆ. ಮೂಲದಲ್ಲಿ ಹೊಸ ಪರಾಮರ್ಶೆ ಬಂದು ಸಾಲು ಬದಲಾದರೂ ಕನ್ನಡದ ಸಾಲು ಹಾಗೆಯೇ ಉಳಿಯುತ್ತದೆ. ಹತ್ತು ವರ್ಷ ಹಿಂದಿನ ಚಿಕಿತ್ಸಾಕ್ರಮ ಕನ್ನಡದಲ್ಲಿ ಇಂದಿನದೆಂಬಂತೆ ಓದಿಸಿಕೊಳ್ಳುವುದು ಹೀಗೆ. ಆದ್ದರಿಂದ ಅನುವಾದಕರು ಪುಟದ ಚರ್ಚಾಪುಟದಲ್ಲಿ, ಇಂಗ್ಲಿಷಿನ ಯಾವ ದಿನಾಂಕದ ಆವೃತ್ತಿಯಿಂದ ಇದನ್ನು ತಂದದ್ದು ಎಂದು ಒಂದು ಸಾಲು ಬರೆದಿಟ್ಟರೆ, ಎಲ್ಲಿಂದ ಪರಿಷ್ಕರಿಸತೊಡಗಬೇಕೆಂಬುದು ಮುಂದೆ ಬರುವ ಸಂಪಾದಕರಿಗೆ ತಿಳಿಯುತ್ತದೆ.